ಸಾಲ ಇರುವ ಹುಡುಗ ವೋಟಿಗೆ ನಿಂತರೆ ತಪ್ಪೇನು?



ಕಳೆದ ಮಳೆಗಾಲದ ಒಂದು ಸಂಜೆ. ಅಡಿಕೆಗೆ ಎರಡನೇ ಸಲ ಮದ್ದು ಬಿಡಲು ಮಳೆ ಬಿಡುವು ಕೊಡುತ್ತದೋ ಇಲ್ಲವೋ ಎಂದು ಆಕಾಶ ನೋಡುತ್ತ ಕೂತಿದ್ದೆ. ಬೆಳ್ತಂಗಡಿ ತಾಲೂಕಿನ ಒಬ್ಬ ಹುಡುಗ ಬಂದು ಜಗಲಿಯಲ್ಲಿ ಕೂತ. ಇಪ್ಪತ್ತೊಂಬತ್ತು ವರ್ಷ. ಎರಡು ಎಕರೆ ಅಡಿಕೆ, ಅದಕ್ಕೆ ಹಬ್ಬಿಸಿದ ಕಾಳುಮೆಣಸು, ಗುಡ್ಡದ ಬದಿಯಲ್ಲಿ ಒಂದಿಷ್ಟು ರಬ್ಬರ್. ಸಂಘದ ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು ಕೇಳುತ್ತಿದ್ದವನು. ಚಾ ಕುಡಿದು ಲೋಟ ಕೆಳಗಿಟ್ಟು ಹೇಳಿದ: "ಅಣ್ಣ, ಮುಂದಿನ ಸಲ ವಿಧಾನಸಭೆಗೆ ನಿಲ್ಲುವ ಅಂತ ಉಂಟು. ಸಂಘದವರು ಎಂತ ಹೇಳ್ತೀರಿ?"

ನಾನು ತಕ್ಷಣ ಏನೂ ಹೇಳಲಿಲ್ಲ. "ಮನೆಯಲ್ಲಿ ಎಂತ ಹೇಳ್ತಾರೆ?" ಎಂದು ಕೇಳಿದೆ. ಅವನ ಮುಖ ಇಳಿಯಿತು. ಅಪ್ಪನಿಗೆ ಸುತಾರಾಂ ಮನಸ್ಸಿಲ್ಲವಂತೆ. ಖರ್ಚಿನ ಹೆದರಿಕೆ ಅಲ್ಲ, ಸೋಲಿನ ಹೆದರಿಕೆಯೂ ಅಲ್ಲ. ನಾಮಪತ್ರದ ಜೊತೆ ಒಂದು ಅಫಿಡವಿಟ್ ಕೊಡಬೇಕಲ್ಲ, ನಮೂನೆ 26, ಅದರ ಹೆದರಿಕೆ. 2002 ಮತ್ತು 2003ರ ಸುಪ್ರೀಂ ಕೋರ್ಟಿನ ತೀರ್ಪುಗಳ ನಂತರ ಅಭ್ಯರ್ಥಿಯಾದವನು ತನ್ನ ಮೇಲಿರುವ ಕೇಸು, ತನ್ನ ಮತ್ತು ಹೆಂಡತಿಯ ಆಸ್ತಿ, ಸಾಲ, ಎಲ್ಲವನ್ನೂ ಪ್ರಮಾಣ ಮಾಡಿ ಬರೆದುಕೊಡಬೇಕು. ಅದರ ಪ್ರತಿಯನ್ನು ಚುನಾವಣಾಧಿಕಾರಿಯ ಕಚೇರಿಯ ಫಲಕದಲ್ಲಿ ಹಚ್ಚುತ್ತಾರೆ. ಬೇಕಾದವರು ಮೊಬೈಲಿನಲ್ಲೂ ತೆಗೆದು ಓದಬಹುದು. ಹುಡುಗನ ಹೆಸರಿನಲ್ಲಿ ಸೊಸೈಟಿಯ ಬೆಳೆ ಸಾಲ ಉಂಟು, ಕೊಳವೆಬಾವಿಗೆ ಮಾಡಿದ ಸಾಲ ಉಂಟು, ಹೆಂಡತಿಯ ಬಂಗಾರ ಬ್ಯಾಂಕಿನಲ್ಲಿ ಅಡವು ಉಂಟು. "ನಮ್ಮ ಸಾಲದ ಪಟ್ಟಿ ಊರಿಡೀ ಓದಲಿಕ್ಕೆ ಗೋಡೆಗೆ ಅಂಟಿಸುದಾ? ಸೊಸೆಯ ಚಿನ್ನ ಅಡವಿಟ್ಟದ್ದು ಪೇಟೆಯವರಿಗೆ ಗೊತ್ತಾಗ್ಬೇಕಾ?" ಎಂದು ಅಪ್ಪ ಊಟ ಬಿಟ್ಟು ಎದ್ದುಹೋದರಂತೆ.

ಈ ಮಾತು ಅಂದಿನಿಂದ ನನ್ನ ತಲೆಯೊಳಗೆ ಕೂತುಬಿಟ್ಟಿದೆ. ಅದಕ್ಕಾಗಿಯೇ ಈ ತಿಂಗಳ ಸಂಪಾದಕೀಯ.

ಓದುತ್ತಿರುವ ನಿಮ್ಮನ್ನೇ ಕೇಳುತ್ತೇನೆ. ನಿಮ್ಮ ಮನೆಯ ಸಾಲ ಎಷ್ಟೆಂದು ನಿಮ್ಮ ತಮ್ಮನಿಗೆ ಗೊತ್ತಿದೆಯೇ? ನೆರೆಮನೆಯವನಿಗೆ? ಇಲ್ಲ. ನಾವು ಮದುವೆಗೆ ಖರ್ಚು ಮಾಡಿದ್ದನ್ನು ಹೇಳುತ್ತೇವೆ, ಅಡಿಕೆಗೆ ಸಿಕ್ಕ ರೇಟನ್ನು ಹತ್ತು ರೂಪಾಯಿ ಹೆಚ್ಚೇ ಹೇಳುತ್ತೇವೆ, ಸಾಲ ಮಾತ್ರ ಹೇಳುವುದಿಲ್ಲ. ನಮ್ಮ ಜಿಲ್ಲೆಯ ಸಹಕಾರಿ ಸಂಘಗಳಲ್ಲಿ ವಸೂಲಿ ಬಹಳ ಚೆನ್ನಾಗಿದೆ ಎಂದು ಮಹಾಸಭೆಗಳಲ್ಲಿ ಹೆಮ್ಮೆಯಿಂದ ಹೇಳುತ್ತಾರೆ. ಆ ವಸೂಲಿ ಹೇಗೆ ಆಗುತ್ತದೆಂದು ನಿಮಗೂ ಗೊತ್ತು, ನನಗೂ ಗೊತ್ತು. ವಾಯಿದೆ ಹತ್ತಿರ ಬಂದಾಗ ಯಾರದ್ದೋ ಕೈಕಾಲು ಹಿಡಿದು ನಾಲ್ಕು ದಿನಕ್ಕೆ ಕೈಸಾಲ ತಂದು ಸೊಸೈಟಿಗೆ ಕಟ್ಟುವುದು, ಹೊಸ ಸಾಲ ಮಂಜೂರಾದ ಕೂಡಲೇ ಅದನ್ನು ಎತ್ತಿ ಕೈಸಾಲ ತೀರಿಸುವುದು. ಆ ನಾಲ್ಕು ದಿನದ ಬಡ್ಡಿ ಯಾವ ಲೆಕ್ಕದ ಪುಸ್ತಕದಲ್ಲೂ ಇಲ್ಲ. 2023ರಲ್ಲಿ ಬಡ್ಡಿಯಿಲ್ಲದ ಬೆಳೆ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಒಳ್ಳೆಯದೇ. ಆದರೆ ವಾಯಿದೆ ಒಂದು ದಿನ ತಪ್ಪಿದರೆ ಸೊನ್ನೆ ಬಡ್ಡಿ ಸೊನ್ನೆಯಾಗಿ ಉಳಿಯುವುದಿಲ್ಲ. ಆದ್ದರಿಂದ ಎಲ್ಲರೂ ಕಟ್ಟುತ್ತಾರೆ, ಎಲ್ಲರೂ ಮತ್ತೆ ಎತ್ತುತ್ತಾರೆ, ಕಾಗದದ ಮೇಲೆ ರೈತ ಸುಖವಾಗಿದ್ದಾನೆ.

ಹೀಗೆ ಮುಚ್ಚಿಟ್ಟ ಸಾಲವೇ ನಮ್ಮ ಬಾಯಿಗೆ ಹಾಕಿದ ಬೀಗ ಎಂದು ನಾನು ತಿಳಿದಿದ್ದೇನೆ. ಸಾಲ ಮುಚ್ಚಿಟ್ಟವನು ಬೆಲೆಯ ವಿಷಯದಲ್ಲಿ ಗಟ್ಟಿಯಾಗಿ ಮಾತಾಡಲಾರ. ಮಾತಾಡಿದರೆ "ನಿನಗೇನು ಕಡಿಮೆ ಆಗಿದೆ ಮಾರಾಯ?" ಎಂದು ಕೇಳುತ್ತಾರಲ್ಲ!

ಒಂದು ತಮಾಷೆ ನೋಡಿ. ಸೊಸೈಟಿಯ ಸಾಲ ಕಟ್ಟದೆ ಸುಸ್ತಿದಾರನಾದವನು ಅದೇ ಸೊಸೈಟಿಯ ನಿರ್ದೇಶಕನಾಗಿ ನಿಲ್ಲುವಂತಿಲ್ಲ. ಆದರೆ ವಿಧಾನಸಭೆಗೆ ನಿಲ್ಲಲು ಸಾಲ ಅಡ್ಡಿಯಲ್ಲ. ಸಂವಿಧಾನ ಕೇಳುವುದು ಇಪ್ಪತ್ತೈದು ವರ್ಷ ತುಂಬಿರಬೇಕು, ಕೋರ್ಟು ದಿವಾಳಿ ಎಂದು ಘೋಷಿಸಿರಬಾರದು, ಮುಂತಾದ ಕೆಲವನ್ನು ಮಾತ್ರ. ಸಂವಿಧಾನ ಬರೆದವರಿಗೆ ನಾಚಿಕೆ ಅನ್ನಿಸದ ಸಾಲ ನಮಗೆ ಯಾಕೆ ನಾಚಿಕೆ? ನಮ್ಮ ಚಳವಳಿ 1980ರಿಂದ ಹೇಳುತ್ತ ಬಂದದ್ದಾದರೂ ಏನು? ಬೆಳೆಗೆ ಖರ್ಚಿಗೆ ತಕ್ಕ ಬೆಲೆ ಸಿಕ್ಕಿದ್ದರೆ ಈ ಸಾಲ ಇರುತ್ತಿರಲಿಲ್ಲ, ಆದ್ದರಿಂದ ಬಾಕಿದಾರ ಸರ್ಕಾರ, ರೈತನಲ್ಲ ಎಂದಲ್ಲವೇ? ಊರ ಬಾಗಿಲಲ್ಲಿ ಬೋರ್ಡು ಹಾಕಿ, ಸಾಲ ವಸೂಲಿಯವರು ಕೇಳದೆ ಒಳಗೆ ಬರಬಾರದು ಎಂದು ನಿಲ್ಲಿಸಿದ್ದು ಇದೇ ಮಾತಿನ ಬಲದಿಂದ. ಆ ಮಾತು ನಂಬಿದವರೇ ಈಗ ಒಂದು ಅಫಿಡವಿಟ್ಟಿಗೆ ಹೆದರುವುದೇ?

ಇನ್ನು "ವಿಧಾನಸೌಧಕ್ಕೆ ಹೋಗಿ ಏನು ಆಗುತ್ತದೆ, ಬೀದಿಯೇ ಸಾಕು" ಎನ್ನುವ ಹಳೇ ಕಾರ್ಯಕರ್ತರಿದ್ದಾರೆ. ನಾನೂ ಬಹಳ ಕಾಲ ಹಾಗೆಯೇ ಹೇಳಿದವನು. ಪೆರ್ಮುದೆ, ಎಕ್ಕಾರಿನ ಕಡೆ ವಿಶೇಷ ಆರ್ಥಿಕ ವಲಯದ ಎರಡನೇ ಹಂತಕ್ಕೆಂದು ಹಿಡಿದಿದ್ದ ಎರಡು ಸಾವಿರ ಎಕರೆಗೂ ಮೀರಿದ ಜಾಗವನ್ನು 2011ರಲ್ಲಿ ಸರ್ಕಾರ ಕೈಬಿಟ್ಟದ್ದು ಜನ ಬೀದಿಗಿಳಿದದ್ದರಿಂದ. ಬೀದಿಯ ಶಕ್ತಿಯನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನಿಮ್ಮ ಮನೆಯ ಪೆಟ್ಟಿಗೆಯಲ್ಲಿರುವ ಆರ್.ಟಿ.ಸಿ.ಯನ್ನು ಒಮ್ಮೆ ಹೊರಗೆ ತೆಗೆಯಿರಿ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರಿ ಈ ಮೂರೂ ಕಡೆ ಇದನ್ನು ಓದುತ್ತಿರುವವರಲ್ಲಿ ಎಷ್ಟೋ ಜನರ ಅಜ್ಜಂದಿರು ಚಾಲಗೇಣಿಯವರು. ಗೇಣಿ ಅಕ್ಕಿಯ ಮುಡಿ ಹೊತ್ತು ಧಣಿಯ ಅಂಗಳದಲ್ಲಿ ಇಳಿಸಿದವರು. ಆ ಆರ್.ಟಿ.ಸಿ.ಯಲ್ಲಿ ನಿಮ್ಮ ಹೆಸರು ಬಂದದ್ದು ಎಲ್ಲಿಂದ? 1974ರ ಮಾರ್ಚ್ 1ರಿಂದ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿತು, ಉಳುವವನು ಡಿಕ್ಲರೇಶನ್ ಕೊಟ್ಟು ತನ್ನದು ಮಾಡಿಕೊಳ್ಳಬಹುದು ಎಂಬ ಕಾನೂನಿನಿಂದ. ಆ ಕಾನೂನು ಮಾಡಿದ್ದು ವಿಧಾನಸಭೆ, ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ. ಆ ಸಭೆಯಲ್ಲಿ ಬಂಟ್ವಾಳದಿಂದ ಗೆದ್ದು ಕೂತವರು ಯಾರು? ಬಿ.ವಿ. ಕಕ್ಕಿಲ್ಲಾಯರು, ಗೇಣಿದಾರರ ಹೋರಾಟದಿಂದ ಬಂದವರು. 1972ರಲ್ಲಿ ಗೆದ್ದರು. ಬೀದಿಯಲ್ಲಿ ಕೂಗಿದ್ದು ಒಂದು ಕಡೆ, ಒಳಗೆ ಕೂತು ಕಾನೂನಿನ ಒಂದೊಂದು ಸಾಲನ್ನು ನೋಡಿದ್ದು ಇನ್ನೊಂದು ಕಡೆ. ಎರಡೂ ಇದ್ದದ್ದರಿಂದ ಭೂಮಿ ಬಂತು.

ಈಗ 2020ಕ್ಕೆ ಬನ್ನಿ. ಅದೇ ಭೂಸುಧಾರಣಾ ಕಾಯಿದೆಯ 79ಎ, 79ಬಿ ಕಲಂಗಳನ್ನು ತೆಗೆದುಹಾಕಿದರು. ಕೃಷಿಕನಲ್ಲದವನೂ, ಎಷ್ಟು ಆದಾಯ ಇದ್ದವನೂ ಕೃಷಿಭೂಮಿ ಕೊಳ್ಳಬಹುದು ಎಂದಾಯಿತು. ಮೊದಲು ಸುಗ್ರೀವಾಜ್ಞೆ, ಆಮೇಲೆ ಡಿಸೆಂಬರಿನಲ್ಲಿ ಸದನದ ಒಪ್ಪಿಗೆ. ಬೆಂಗಳೂರಿನ ಬೀದಿಯಲ್ಲಿ ರೈತರು ಸೇರಿದ್ದರು, ಸಾವಿರ ಸಾವಿರ ಸಂಖ್ಯೆಯಲ್ಲಿ. ಒಳಗೆ? 2018ರಲ್ಲಿ ಆರಿಸಿ ಬಂದ ಆ ವಿಧಾನಸಭೆಯಲ್ಲಿ ರೈತ ಚಳವಳಿಯಿಂದ ಬಂದ ಒಬ್ಬನೇ ಒಬ್ಬ ಶಾಸಕ ಇರಲಿಲ್ಲ. ಒಬ್ಬನಿದ್ದರೆ ಕಾನೂನು ನಿಲ್ಲುತ್ತಿತ್ತೇ? ನಿಲ್ಲುತ್ತಿರಲಿಲ್ಲ. ಆದರೆ ಈ ಕಲಂ ಯಾಕೆ ಇತ್ತು, ತೆಗೆದರೆ ಎರಡು ಎಕರೆಯವನ ಗತಿ ಏನು ಎಂದು ಸದನದ ಕಡತದಲ್ಲಿ ನಮ್ಮವನ ಬಾಯಿಂದ ದಾಖಲಾಗುತ್ತಿತ್ತು. (ನಮ್ಮಲ್ಲೇ ಕೆಲವರು ಜಾಗಕ್ಕೆ ರೇಟು ಬರುತ್ತದೆ ಎಂದು ಒಳಗೊಳಗೇ ಖುಷಿಪಟ್ಟದ್ದೂ ನನಗೆ ಗೊತ್ತುಂಟು. ಅವರಿಗೂ ಮಕ್ಕಳಿದ್ದಾರೆ. ಮಾರಿದ ಮೇಲೆ ಮತ್ತೆ ಕೊಳ್ಳಲು ಹೋದಾಗ ಎದುರು ಕೂತವನು ಯಾರೆಂದು ತಿಳಿಯುತ್ತದೆ.)

ಹಾಗೆಂದು ಹುಡುಗನಿಗೆ ನಾನು ಒಂದು ಮಾತು ಕಡ್ಡಿ ಮುರಿದ ಹಾಗೆ ಹೇಳಿದ್ದೇನೆ. ಅಡಿಕೆಗೆ ಬೆಲೆ ತರುತ್ತೇನೆ ಎಂದು ಯಾವ ಸಭೆಯಲ್ಲೂ ಹೇಳಬೇಡ. ಅದು ಸುಳ್ಳಾಗುತ್ತದೆ. ಹೊರದೇಶದ ವ್ಯಾಪಾರ, ಆಮದು ಸುಂಕ ಇವೆಲ್ಲ ದಿಲ್ಲಿಯ ಕೈಯಲ್ಲಿ. ಆಮದು ಅಡಿಕೆಯ ಕನಿಷ್ಠ ಬೆಲೆಯನ್ನು ಕೆಜಿಗೆ 251 ರೂಪಾಯಿಯಿಂದ 351ಕ್ಕೆ 2023ರ ಫೆಬ್ರವರಿಯಲ್ಲಿ ಏರಿಸಿದ್ದು ಕೇಂದ್ರ. ಅದಕ್ಕೆ ಐದು ತಿಂಗಳ ಹಿಂದೆ, 2022ರ ಸೆಪ್ಟೆಂಬರಿನಲ್ಲಿ, ಭೂತಾನದಿಂದ 17,000 ಟನ್ ಹಸಿ ಅಡಿಕೆಯನ್ನು ಆ ಕನಿಷ್ಠ ಬೆಲೆಯ ಷರತ್ತಿಲ್ಲದೆ ತರಲು ಬಿಟ್ಟದ್ದೂ ಕೇಂದ್ರವೇ. ಬೆಳ್ತಂಗಡಿಯ ಶಾಸಕ ಬೆಂಗಳೂರಿನಲ್ಲಿ ಎದ್ದು ನಿಂತು ಕೂಗಿದರೆ ಭೂತಾನದ ಲಾರಿ ನಿಲ್ಲುವುದಿಲ್ಲ. 1970ರ ಆಚೀಚೆ ಅಡಿಕೆ ಬೆಲೆ ನೆಲಕಚ್ಚಿದಾಗ ನಮ್ಮನ್ನು ಉಳಿಸಿದ್ದು ಶಾಸಕರ ಭಾಷಣವಲ್ಲ. 1973ರಲ್ಲಿ ವಾರಣಾಸಿ ಸುಬ್ರಾಯ ಭಟ್ಟರು ಮುಂದೆ ನಿಂತು ಕಟ್ಟಿದ ಕ್ಯಾಂಪ್ಕೊ. ಅವರು ನಮ್ಮ ವಿಟ್ಲದ ಕಡೆಯ ಅಡ್ಯನಡ್ಕದವರು ಎನ್ನುವುದನ್ನು ಬಂಟ್ವಾಳದವರು ಮರೆಯಬಾರದು.

ಹಾಗಾದರೆ ರಾಜ್ಯದ ಕೈಯಲ್ಲಿ ಇರುವುದು ಏನು? ಇಲ್ಲಿ ಗಮನ ಕೊಡಿ. ಸಂವಿಧಾನದ ಏಳನೇ ಅನುಸೂಚಿಯ ರಾಜ್ಯಪಟ್ಟಿಯಲ್ಲಿ ಕೃಷಿ ಉಂಟು, ಭೂಮಿ ಉಂಟು, ಮಾರುಕಟ್ಟೆ ಉಂಟು, ಸಹಕಾರಿ ಸಂಘ ಉಂಟು. 30ನೇ ಬಾಬಿನಲ್ಲಿ ಲೇವಾದೇವಿಯ ಜೊತೆಗೆ ಕೃಷಿ ಸಾಲದ ಪರಿಹಾರ ಎಂದೇ ಬರೆದಿದೆ. ಅಂದರೆ ನಮ್ಮ ಸಾಲದ ಕಾನೂನು ಮಾಡುವ ಜಾಗ ಬೆಂಗಳೂರೇ. 1976ರ ಋಣ ಪರಿಹಾರ ಕಾಯಿದೆ ಬಂದದ್ದು ಅಲ್ಲಿಂದ. 2018ರ ಋಣ ಪರಿಹಾರ ಕಾಯಿದೆ ಬಂದದ್ದೂ ಅಲ್ಲಿಂದ. ಅದೇ 2018ರಲ್ಲಿ ಸಹಕಾರಿ ಬೆಳೆ ಸಾಲದಲ್ಲಿ ಒಂದು ಲಕ್ಷದವರೆಗೆ ಮನ್ನಾ ಮಾಡಿದ್ದೂ ಅಲ್ಲಿಂದ. ಕೈಸಾಲ ತಂದು ಕಟ್ಟಿ ಮತ್ತೆ ಎತ್ತುವ ಈ ಸರ್ಕಸ್ಸನ್ನು ನಿಲ್ಲಿಸಿ, ಬೆಳೆ ಮಾರುವ ಕಾಲಕ್ಕೆ ಸರಿಯಾಗಿ ವಾಯಿದೆ ಇಡಿ ಎಂದು ಕೇಳಬೇಕಾದದ್ದು ಅಲ್ಲಿ. ಕುಮ್ಕಿ ಜಾಗದ ಪ್ರಶ್ನೆ ಉಂಟಲ್ಲ, ವರ್ಗ ಜಾಗದ ಸುತ್ತ ನೂರು ಗಜದೊಳಗೆ ಸೊಪ್ಪು ಸೌದೆಗೆಂದು ನಮ್ಮ ಅಜ್ಜಂದಿರ ಕಾಲದಿಂದ ಅನುಭವಿಸಿಕೊಂಡು ಬಂದದ್ದು, ಅದರ ತೀರ್ಮಾನವೂ ಅಲ್ಲಿಯೇ. ಪ್ರತಿ ಚುನಾವಣೆಯಲ್ಲೂ ಕುಮ್ಕಿಯ ಹೆಸರು ಹೇಳಿ ವೋಟು ತೆಗೆದುಕೊಂಡು ಹೋದವರ ಲೆಕ್ಕ ನಿಮ್ಮಲ್ಲೇ ಇದೆ.

ಕೃಷಿಕ ಶಾಸಕನಾದರೆ ಸಾಕೇ ಎಂದು ನೀವು ಕೇಳಬಹುದು. ಸಾಲದು. ಬಂಟ್ವಾಳದಲ್ಲಿ 2018 ಮತ್ತು 2023ರಲ್ಲಿ ಗೆದ್ದ ರಾಜೇಶ್ ನಾಯ್ಕರು ಸಾವಯವ ಕೃಷಿಕರೆಂದು ಹೆಸರಾದವರೇ. ಗದ್ದೆ ತೋಟ ಬಲ್ಲವರು ಪಕ್ಷಗಳಲ್ಲಿ ಇಲ್ಲವೆಂದಲ್ಲ. ಆದರೆ 1985ರ ಪಕ್ಷಾಂತರ ನಿಷೇಧ ಕಾನೂನಿನ ನಂತರ ಸದನದಲ್ಲಿ ಮತ ಹಾಕುವಾಗ ಶಾಸಕನ ಕೈ ಎತ್ತಿಸುವುದು ಪಕ್ಷದ ವಿಪ್. ವಿಪ್ ಮೀರಿದರೆ ಸ್ಥಾನವೇ ಹೋಗುತ್ತದೆ. ತೋಟದಲ್ಲಿ ಆತ ರೈತ, ಸದನದಲ್ಲಿ ಪಕ್ಷದ ಆಳು. ಯಾವ ಪಕ್ಷವಾದರೂ ಇದೇ ಕಥೆ. ಆದ್ದರಿಂದ ಅಭ್ಯರ್ಥಿ ಯಾರಿಗೆ ಋಣಿ ಎನ್ನುವುದು ಮುಖ್ಯ. ಸೊಸೈಟಿಗೆ ಎರಡು ಲಕ್ಷ ಕೊಡಬೇಕಾದವನು ನನಗೆ ಅಪಾಯಕಾರಿಯಾಗಿ ಕಾಣುವುದಿಲ್ಲ. ಗುತ್ತಿಗೆದಾರನಿಗೋ ಜಾಗದ ದಲ್ಲಾಳಿಗೋ ಎರಡು ಕೋಟಿಯ ಋಣ ಇರುವವನು ಅಪಾಯಕಾರಿ. ಆ ಋಣ ಯಾವ ಅಫಿಡವಿಟ್ಟಿನಲ್ಲೂ ಬರುವುದಿಲ್ಲ.

ನಮ್ಮ ಚಳವಳಿಯ ಸ್ವಂತ ಚರಿತ್ರೆಯನ್ನೂ ಮುಚ್ಚಿಡಬಾರದು. 1989ರಲ್ಲಿ ಬಾಬಾಗೌಡ ಪಾಟೀಲರು ಕಿತ್ತೂರು, ಧಾರವಾಡ ಗ್ರಾಮೀಣ ಎರಡು ಕಡೆ ಗೆದ್ದರು. ಧಾರವಾಡವನ್ನು ಬಿಟ್ಟುಕೊಟ್ಟ ಮೇಲೆ ಅಲ್ಲಿಂದ ಪ್ರೊಫೆಸರ್ ನಂಜುಂಡಸ್ವಾಮಿಯವರು ಗೆದ್ದುಹೋದರು. ಹದಿನೆಂಟು ವರ್ಷದವರಿಗೆ ಮತ ಬಂದ ಮೊದಲ ಚುನಾವಣೆ ಅದು, ನಾನೂ ಮೊದಲ ವೋಟು ಹಾಕಿದ್ದೆ. ನಾವು ಕುಣಿದಾಡಿದೆವು. ಮುಂದೇನಾಯಿತು? ಬಾಬಾಗೌಡರು 1998ರಲ್ಲಿ ಬಿ.ಜೆ.ಪಿ.ಯಿಂದ ಲೋಕಸಭೆಗೆ ಹೋಗಿ ಕೇಂದ್ರದಲ್ಲಿ ಮಂತ್ರಿಯಾದರು. ಸಂಘ ಒಡೆಯಿತು, ಒಡೆದದ್ದು ಮತ್ತೆ ಒಡೆಯಿತು. ಹಸಿರು ಶಾಲು ಒಂದೇ, ಬಣ ಹತ್ತು. ಚುನಾವಣೆ ಎಂದರೆ ಹಳಬರು ಮುಖ ತಿರುಗಿಸುವುದಕ್ಕೆ ಕಾರಣ ಉಂಟು, ಅದನ್ನು ನಾನು ಹೇಡಿತನ ಎನ್ನುವುದಿಲ್ಲ.

ಆದರೆ ಪುಟ್ಟಣ್ಣಯ್ಯನವರೂ ಇದೇ ಚಳವಳಿಯವರು. 1994ರಲ್ಲಿ ಪಾಂಡವಪುರದಿಂದ ಗೆದ್ದರು. ಮತ್ತೆ ಶಾಸಕರಾಗಿ ವಿಧಾನಸೌಧದ ಮೆಟ್ಟಿಲು ಹತ್ತಿದ್ದು 2013ರಲ್ಲಿ, ಮೇಲುಕೋಟೆಯಿಂದ. ನಡುವೆ ಹತ್ತೊಂಬತ್ತು ವರ್ಷ. ಆ ವರ್ಷಗಳಲ್ಲಿ ಅವರು ಪಕ್ಷ ಹುಡುಕಿಕೊಂಡು ಹೋಗಲಿಲ್ಲ, ಕಬ್ಬಿನ ಗದ್ದೆಯ ಜನರ ಜೊತೆಗೇ ಇದ್ದರು. 2018ರ ಫೆಬ್ರವರಿಯಲ್ಲಿ ತೀರಿಕೊಂಡರು. ಅಮೆರಿಕದಲ್ಲಿ ಉದ್ಯಮ ನಡೆಸುತ್ತಿದ್ದ ಅವರ ಮಗ ದರ್ಶನ್ ಬಂದು ಅದೇ ವರ್ಷ ನಿಂತು ಸೋತರು. ಮತ್ತೆ 2023ರಲ್ಲಿ ಸರ್ವೋದಯ ಕರ್ನಾಟಕ ಪಕ್ಷದಿಂದ ನಿಂತು ಗೆದ್ದರು. ಕಾಂಗ್ರೆಸ್ ಅಲ್ಲಿ ಅಭ್ಯರ್ಥಿ ಹಾಕದೆ ಬೆಂಬಲ ಕೊಟ್ಟಿತ್ತು, ಅದನ್ನೂ ಹೇಳಬೇಕು. ಆದರೂ ಒಂದು ಸೋಲಿಗೆ ಊರು ಬಿಟ್ಟು ಹೋಗಲಿಲ್ಲ ಎನ್ನುವುದು ನನಗೆ ಮುಖ್ಯ.

ನಮ್ಮ ಹುಡುಗನ ಮುಂದೆ ಮಂಡ್ಯದ ಕಬ್ಬಿನ ಗದ್ದೆ ಇಲ್ಲ, ಅಪ್ಪನ ಹೆಸರೂ ಇಲ್ಲ. ನಮ್ಮ ಕರಾವಳಿಯ ಚುನಾವಣೆಯಲ್ಲಿ ಅಡಿಕೆ ರೇಟಿನ ಮಾತು ನಾಮಪತ್ರದ ದಿನಕ್ಕೇ ಮುಗಿಯುತ್ತದೆ. ಆಮೇಲೆ ಯಾವ ದೇವರು, ಯಾವ ಜಾತಿ, ಯಾವ ಧ್ವಜ ಎಂಬುದೇ. ಬೆಲೆ ಕೇಳುವ ರೈತ ಆ ಒಂದು ತಿಂಗಳು ರೈತನಾಗಿ ಇರುವುದೇ ಇಲ್ಲ. ಚುನಾವಣೆ ಘೋಷಣೆಯಾದ ಕೂಡಲೇ ನಮಗೆ ಆಗುವ ಒಂದೇ ಕೆಲಸ, ಕೋವಿಯನ್ನು ಠಾಣೆಯಲ್ಲಿ ಠೇವಣಿ ಇಟ್ಟುಬರುವುದು. ಮಂಗ, ಹಂದಿಗಳಿಗೆ ನೀತಿಸಂಹಿತೆ ಇಲ್ಲ, ಅವು ತೋಟದಲ್ಲಿ ಪ್ರಚಾರ ಮಾಡಿಕೊಂಡಿರುತ್ತವೆ.

ಠೇವಣಿ ಎಂದಾಗ ನೆನಪಾಯಿತು. ಅಭ್ಯರ್ಥಿ ಇಡಬೇಕಾದ ಠೇವಣಿ 10,000 ರೂಪಾಯಿ. ಬಿದ್ದ ಸಿಂಧು ಮತದ ಆರರಲ್ಲಿ ಒಂದು ಪಾಲಿಗಿಂತ ಹೆಚ್ಚು ಸಿಗದಿದ್ದರೆ ಅದು ಹೋಯಿತು. ಈ ಮೂರೂ ಕ್ಷೇತ್ರಗಳಲ್ಲಿ ಎರಡು ಲಕ್ಷಕ್ಕೂ ಮೀರಿ ಮತದಾರರಿದ್ದಾರೆ. 1,80,000 ಮತ ಬಿದ್ದರೆ 30,000 ಮತ ದಾಟಬೇಕು. ಹುಡುಗನಿಗೆ ಅಷ್ಟು ಬೀಳುತ್ತದೆಂದು ನಾನು ಹೇಳಲಾರೆ. ಠೇವಣಿ ಹೋಗಬಹುದು ಎಂದೇ ತಿಳಿದು ನಿಲ್ಲಬೇಕು. ಖರ್ಚಿಗೆ ಕಾನೂನು ಇಟ್ಟ ಮಿತಿ 40 ಲಕ್ಷ. ಚಾಲಿಗೆ ಕೆಜಿಗೆ 400ರಂತೆ ಹಿಡಿದರೂ ಅದು 100 ಕ್ವಿಂಟಾಲ್ ಅಡಿಕೆ! ಎರಡು ಎಕರೆಯವನು ಐದಾರು ವರ್ಷ ಉಣ್ಣದೆ ಉಡದೆ ಇಟ್ಟರೂ ಸಾಲದು. ಆದ್ದರಿಂದ ಅವನು ಆ ದಾರಿಗೆ ಹೋಗಲೇಬಾರದು. ಬೆಳ್ತಂಗಡಿ ತಾಲೂಕಿನಲ್ಲಿ 81 ಗ್ರಾಮ. ಗ್ರಾಮಕ್ಕೆ ಹತ್ತು ಮನೆ, ಮನೆಗೆ 500 ರೂಪಾಯಿ. ಲೆಕ್ಕ ಹಾಕಿ, 4,05,000 ಆಗುತ್ತದೆ. ಒಂದು ಜೀಪು, ಒಂದು ಮೈಕು, ಕರಪತ್ರ, ಊಟ ಮನೆಮನೆಯಲ್ಲಿ. ಇದಕ್ಕಿಂತ ಹೆಚ್ಚು ಖರ್ಚು ಮಾಡಿ ಗೆದ್ದರೆ ಅವನು ನಮ್ಮವನಾಗಿ ಉಳಿಯುವುದಿಲ್ಲ. ಮತ್ತೆ ಸೂಚಕರು ಬೇಕು. ದೊಡ್ಡ ಪಕ್ಷದವನಿಗೆ ಒಬ್ಬ ಸಾಕು, ಇವನಿಗೆ ಹತ್ತು ಜನ ಮತದಾರರು ಸಹಿ ಹಾಕಬೇಕು. ಹತ್ತು ಸಹಿ ಸುಲಭ ಎನ್ನಬೇಡಿ. ಸಭೆಯಲ್ಲಿ ಚಪ್ಪಾಳೆ ತಟ್ಟಿದವರು ಸಹಿಗೆ ಹೋದಾಗ ಮನೆಯಲ್ಲಿ ಇಲ್ಲದಿರುವುದನ್ನು ನಾನು ಕಂಡಿದ್ದೇನೆ.

ಸಂಘದ ಕಡೆಯಿಂದ ಹುಡುಗನಿಗೆ ನಾವು ಹೇಳಿದ್ದು ಇಷ್ಟು. ಗೆದ್ದರೂ ಸೋತರೂ ಯಾವ ಪಕ್ಷದ ಬಾಗಿಲಿಗೂ ಹೋಗುವುದಿಲ್ಲ ಎಂದು ಊರ ಸಭೆಯಲ್ಲಿ ಹೇಳಬೇಕು. ಖರ್ಚಿನ ಲೆಕ್ಕವನ್ನು ಚುನಾವಣಾಧಿಕಾರಿಗೆ ಕೊಡುವ ಹಾಗೆಯೇ ಈ ಪತ್ರಿಕೆಗೂ ಕೊಡಬೇಕು, ನಾವು ಅಚ್ಚು ಹಾಕುತ್ತೇವೆ. ಮತ್ತು ಆ ಅಫಿಡವಿಟ್ಟನ್ನು ಯಾರೋ ಹುಡುಕಿ ಓದುವ ಮೊದಲು ಅವನೇ ಮೈಕಿನಲ್ಲಿ ಓದಬೇಕು. ಇಷ್ಟು ಎಕರೆ, ಇಷ್ಟು ಕ್ವಿಂಟಾಲ್, ಗೊಬ್ಬರಕ್ಕೆ ಇಷ್ಟು, ಮೈಲುತುತ್ತಿಗೆ ಇಷ್ಟು, ಕೊಯ್ಲಿಗೆ ಇಷ್ಟು, ಕೈಗೆ ಬಂದದ್ದು ಇಷ್ಟು, ಆದ್ದರಿಂದ ಸಾಲ ಇಷ್ಟು ಎಂದು. ಕೇಳಿದವರಲ್ಲಿ ಅರ್ಧ ಜನ ಮನಸ್ಸಿನಲ್ಲೇ ತಮ್ಮ ಲೆಕ್ಕ ಕೂಡಿಸುತ್ತಾರೆ. ಹುಡುಗ ಇದಕ್ಕೆಲ್ಲ ಹೂಂ ಎಂದಿದ್ದಾನೆ.

ಅಪ್ಪ ಮಾತ್ರ ಇನ್ನೂ ಒಪ್ಪಿಲ್ಲ. ಒಪ್ಪದವರನ್ನು ಮೀರಿ ನಿಲ್ಲು ಎಂದು ಹೇಳಲು ನಮಗೆ ಮನಸ್ಸಿಲ್ಲ. ಮನೆಯೊಳಗೆ ಜಗಳ ಹಚ್ಚಿ ಕಟ್ಟುವ ಸಂಘಟನೆ ಯಾರಿಗೆ ಬೇಕು? ಬರುವ ಆದಿತ್ಯವಾರ ಬಂಟ್ವಾಳದಿಂದ ಒಬ್ಬರು, ಮೂಡಬಿದ್ರಿಯಿಂದ ಒಬ್ಬರು, ನಾನು, ಹೀಗೆ ಮೂವರು ಅವರ ಮನೆಗೆ ಹೋಗುವವರಿದ್ದೇವೆ. ಭಾಷಣ ಮಾಡಲಿಕ್ಕಲ್ಲ. ಮೂವರೂ ನಮ್ಮ ನಮ್ಮ ಸೊಸೈಟಿಯ ಸಾಲದ ಪುಸ್ತಕ ಹಿಡಿದುಕೊಂಡು ಹೋಗುತ್ತೇವೆ. ಅವರ ಜಗಲಿಯಲ್ಲಿ ಬಿಡಿಸಿ ಇಡುತ್ತೇವೆ, ಮೊದಲು ಅವರು ನಮ್ಮದನ್ನು ಓದಲಿ.